ಒಂದು ಕೋಣೆ ಕಾದ ಕಾವಲಿ, ಪಕ್ಕದ್ದು ಕೊರೆಯುವ ಚಳಿ: ಹಬೆ ರೇಡಿಯೇಟರ್ ವೆಂಟ್‌ಗಳ ವಿಮರ್ಶೆ

ನ್ಯೂಯಾರ್ಕ್, ಬಾಸ್ಟನ್, ಷಿಕಾಗೊದಂಥ ಊರುಗಳ ಹಳೆಯ ಕಟ್ಟಡಗಳಲ್ಲಿ ಚಳಿಗಾಲ ಕಳೆಯುವುದು ಇವತ್ತಿಗೂ ಬೀಡುಕಬ್ಬಿಣದ ರೇಡಿಯೇಟರ್‌ಗಳನ್ನೇ ನಂಬಿಕೊಂಡು. ನೆಲಮಾಳಿಗೆಯ ಬಾಯ್ಲರ್‌ನಿಂದ ಹೊರಟ ಹಬೆ ಪೈಪು ಹಿಡಿದು ಮಹಡಿ ಹತ್ತುತ್ತದೆ. ಅದನ್ನು ತಳ್ಳುವ ಪಂಪಿಲ್ಲ, ಫ್ಯಾನಿಲ್ಲ. ಇಂಥ ಕಟ್ಟಡಗಳ ದೂರು ಎಲ್ಲ ಕಡೆಯೂ ಒಂದೇ. ಬಾಯ್ಲರ್‌ಗೆ ಹತ್ತಿರ ಇರುವವರು ಜನವರಿಯಲ್ಲೂ ಕಿಟಕಿ ತೆರೆದಿಟ್ಟು ಬೆವರುತ್ತಿರುತ್ತಾರೆ. ಆಚೆ ತುದಿಯವರು ಸ್ವೆಟರ್ ಮೇಲೆ ಸ್ವೆಟರ್ ಏರಿಸಿಕೊಂಡು ತಣ್ಣಗಿನ ರೇಡಿಯೇಟರ್ ಮುಟ್ಟಿ ಮುಟ್ಟಿ ನೋಡುತ್ತಿರುತ್ತಾರೆ. ದುರಸ್ತಿಗೆ ಬಂದವರು ಸಾಮಾನ್ಯವಾಗಿ ಕೊಡುವ ಸಲಹೆ ‘ಪ್ರೆಷರ್ ಏರಿಸೋಣ’ ಅಥವಾ ‘ಬಾಯ್ಲರ್ ಬದಲಿಸಿ’. ಮೊದಲನೆಯದು ಕೆಡುಕು, ಎರಡನೆಯದು ಹೆಚ್ಚಿನ ಸಲ ದಂಡ. ನಿಜವಾಗಿ ಬೇಕಿರುವುದು ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದ, ಒಳಗಿನ ಗಾಳಿ ಹೊರಬಿಡುವ ಏಳೆಂಟು ವೆಂಟ್‌ಗಳು, ಮತ್ತು ಅವನ್ನು ಯಾವ ಕ್ರಮದಲ್ಲಿ ಹಾಕಬೇಕೆಂಬ ತಿಳಿವಳಿಕೆ. ಆ ವೆಂಟ್‌ಗಳಲ್ಲಿ ಯಾವುದು ಎಲ್ಲಿಗೆ ಸರಿ, ಯಾವುದು ಎಲ್ಲಿಗೆ ಬೇಡ ಅನ್ನುವುದೇ ಇಲ್ಲಿನ ವಿಷಯ.

ಮೊದಲು ನಿಮ್ಮದು ಯಾವ ಬಗೆಯ ವ್ಯವಸ್ಥೆ ಎಂದು ನೋಡಿಕೊಳ್ಳಿ. ರೇಡಿಯೇಟರ್‌ಗೆ ಒಂದೇ ಒಂದು ಪೈಪು ಸೇರಿದ್ದು, ಅದರ ಎದುರು ಬದಿಯ ಕೊನೆಯ ಸೆಕ್ಷನ್‌ನ (ರೇಡಿಯೇಟರ್‌ನಲ್ಲಿ ಸಾಲಾಗಿ ನಿಂತ ಕಂಬಗಳಲ್ಲೊಂದು) ನಡುಮಟ್ಟದಲ್ಲಿ ಬೆಳ್ಳಿ ಬಣ್ಣದ ಪುಟ್ಟ ಡಬ್ಬಿ ಚುಚ್ಚಿಕೊಂಡಿದ್ದರೆ ಅದು ಒಂಟಿ ಪೈಪಿನ ಹಬೆ ವ್ಯವಸ್ಥೆ. ಆ ಡಬ್ಬಿಯೇ ವೆಂಟ್. ಎರಡು ಪೈಪುಗಳಿದ್ದು, ವೆಂಟ್ ಇಲ್ಲದೆ, ಒಂದು ಬದಿಯ ಕೆಳಗೆ ಹಬೆ ತಡೆದು ನೀರು ಬಿಡುವ ಗುಂಡನೆಯ ಲೋಹದ ಟ್ರ್ಯಾಪ್ ಇದ್ದರೆ ಅದರ ಕಥೆ ಬೇರೆ. ಅದನ್ನು ಕೊನೆಯಲ್ಲಿ ನೋಡೋಣ.

ಜಗಳವೆಲ್ಲ ಗಾಳಿಯದು

ನೀರು ಹಬೆಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಹಾಗೆ ಹಿಗ್ಗಿದ್ದಕ್ಕೆ ಹೋಗಲು ಜಾಗ ಬೇಕಲ್ಲ? ಬಾಯ್ಲರ್ ಆರಿದ್ದಾಗ ಪೈಪು, ರೇಡಿಯೇಟರ್ ಎಲ್ಲದರ ತುಂಬ ಗಾಳಿಯೇ ಕೂತಿರುತ್ತದೆ. ಗಾಳಿ ಜಾಗ ಬಿಡುವ ತನಕ ಹಬೆ ಒಂದು ಅಂಗುಲವೂ ಮುಂದೆ ಬರದು. ವೆಂಟ್‌ನ ಕೆಲಸ ಇಷ್ಟೇ: ತಣ್ಣಗಿದ್ದಾಗ ಬಾಯಿ ತೆರೆದು ಗಾಳಿ ಬಿಡುವುದು, ಹಬೆ ತಾಗಿದೊಡನೆ ಬಾಯಿ ಮುಚ್ಚುವುದು. ಬಾಯ್ಲರ್ ಆರಿ ಹಬೆ ನೀರಾದ ಮೇಲೆ ಅದೇ ಬಾಯಿಂದ ಗಾಳಿ ಮತ್ತೆ ಒಳಗೆ ನುಗ್ಗುತ್ತದೆ. ಅಂದರೆ ಬಾಯ್ಲರ್ ಹೊತ್ತಿದ ಪ್ರತಿಸಲವೂ ಓಟ ಮೊದಲಿನಿಂದ ಶುರು.

ಈ ಓಟದಲ್ಲಿ ಹತ್ತಿರದ ರೇಡಿಯೇಟರ್ ಯಾಕೆ ಗೆಲ್ಲುತ್ತದೆ ಅಂದರೆ, ಬಾಯ್ಲರ್‌ನಿಂದ ಹೊರಟು ಎಲ್ಲ ಕವಲುಗಳಿಗೂ ಹಬೆ ಹಂಚುವ ನೆಲಮಾಳಿಗೆಯ ದೊಡ್ಡ ಪೈಪಿನ, ಅಂದರೆ ಮೇನ್ ಪೈಪಿನ, ತುದಿಯಲ್ಲಿರಬೇಕಾದ ದೊಡ್ಡ ವೆಂಟ್ ಸತ್ತುಹೋಗಿರುತ್ತದೆ. ಬಣ್ಣ ಬಳಿದು ಬಾಯಿ ಮುಚ್ಚಿರಬಹುದು, ತುಕ್ಕು ಕಟ್ಟಿರಬಹುದು, ಹಿಂದೆ ಯಾರೋ ಕಿತ್ತು ಪ್ಲಗ್ ಹೊಡೆದಿರಲೂಬಹುದು. ಆಗ ಇಡೀ ಮೇನ್‌ನ ಗಾಳಿ ರೇಡಿಯೇಟರ್‌ಗಳ ಚಿಕ್ಕ ರಂಧ್ರಗಳಿಂದಲೇ ಹೊರಡಬೇಕು. ಹಬೆ ದಾರಿಯಲ್ಲಿ ಮೊದಲು ಸಿಕ್ಕ ರೇಡಿಯೇಟರ್ ತುಂಬುತ್ತದೆ, ಆಮೇಲೆ ಮುಂದಿನದು. ತೆವಳುತ್ತಾ ತುದಿ ಮುಟ್ಟುವ ಹೊತ್ತಿಗೆ ಹತ್ತಿರದ ಕೋಣೆಯಲ್ಲಿರುವ ಥರ್ಮೋಸ್ಟ್ಯಾಟ್ ‘ಸಾಕು’ ಅಂದುಬಿಡುತ್ತದೆ. ಬಾಯ್ಲರ್ ಆರುತ್ತದೆ. ತುದಿಯ ಮನೆಗೆ ಸಿಗುವುದು ಬೆಚ್ಚಗಿನ ಪೈಪು ಮಾತ್ರ.

ಹೀಗಾಗಿ ಚಳಿ ಹಿಡಿದ ಕೋಣೆಗೆ ವೇಗದ ವೆಂಟ್ ಕೊಂಡು ತಂದು ತಿರುಗಿಸುವುದರಿಂದ ಕೆಲಸ ಶುರುಮಾಡಬಾರದು. ಶುರು ಮಾಡಬೇಕಾದ್ದು ಮೇನ್ ವೆಂಟ್‌ನಿಂದ.

ಮೇನ್ ವೆಂಟ್‌ಗಳು: ದುಡ್ಡು ಹಾಕಬೇಕಾದ ಜಾಗ

ಮೊದಲು ಗಡಿಯಾರ ಹಿಡಿದು ಒಂದು ಪರೀಕ್ಷೆ ಮಾಡಿ. ಬಾಯ್ಲರ್ ಪೂರ್ತಿ ತಣ್ಣಗಾದ ಮೇಲೆ ಹೊತ್ತಿಸಿ. ಬಾಯ್ಲರ್ ಮೇಲಿನ ಹೆಡರ್ ಪೈಪು ಕೈ ಇಡಲಾಗದಷ್ಟು ಕಾದ ಕ್ಷಣದಿಂದ ಎಣಿಸಲು ತೊಡಗಿ. ಮೇನ್‌ನ ಕಟ್ಟಕಡೆಯ ತುದಿ ಅಷ್ಟೇ ಕಾಯಲು ಎಷ್ಟು ನಿಮಿಷ ಹಿಡಿಯಿತು ನೋಡಿ. ಅತಿಗೆಂಪು ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಪೈಪಿನ ಮೇಲೆ ಕಪ್ಪು ಟೇಪಿನ ತುಂಡು ಅಂಟಿಸಿ ಅದಕ್ಕೆ ಗುರಿ ಹಿಡಿಯಿರಿ. ಹೊಳೆಯುವ ಲೋಹಕ್ಕೆ ಹಿಡಿದರೆ ಸುಳ್ಳು ಲೆಕ್ಕ ತೋರಿಸುತ್ತದೆ. ಎರಡು ಮೂರು ನಿಮಿಷವಾದರೆ ಮೇನ್ ಆರೋಗ್ಯವಾಗಿದೆ. ಹತ್ತು ಹದಿನೈದು ನಿಮಿಷವಾದರೆ ರೋಗ ಸಿಕ್ಕಿತು.

ಎಷ್ಟು ದೊಡ್ಡ ವೆಂಟ್ ಬೇಕು ಅನ್ನುವುದು ಊಹೆಯ ಮಾತಲ್ಲ, ಗುಣಾಕಾರ. 2 ಅಂಗುಲದ ಪೈಪು ಪ್ರತಿ ಅಡಿಗೆ 0.023 ಘನ ಅಡಿ ಗಾಳಿ ಹಿಡಿಯುತ್ತದೆ. ಎರಡೂವರೆ ಅಂಗುಲದ್ದು 0.033, 3 ಅಂಗುಲದ್ದು 0.051. ನಿಮ್ಮ ಮೇನ್ 2 ಅಂಗುಲದ್ದು, 40 ಅಡಿ ಉದ್ದ ಅಂದುಕೊಳ್ಳಿ. ಒಳಗಿರುವ ಗಾಳಿ ಸುಮಾರು 0.93 ಘನ ಅಡಿ. ಒಂದು ಔನ್ಸ್ ಒತ್ತಡದಲ್ಲಿ, ಅಂದರೆ ಒಂದು ಪಿಎಸ್‌ಐನ (ಚದರ ಅಂಗುಲಕ್ಕೆ ಒಂದು ಪೌಂಡ್ ಒತ್ತಡ) ಹದಿನಾರನೇ ಒಂದು ಭಾಗದಲ್ಲಿ, ಗಾರ್ಟನ್ ಕಂಪನಿಯ 1ನೇ ನಂಬರಿನ ವೆಂಟ್ (ಗಾರ್ಟನ್ 1) ನಿಮಿಷಕ್ಕೆ ಸುಮಾರು 0.33 ಘನ ಅಡಿ ಗಾಳಿ ಬಿಡುತ್ತದೆ. ಹಾಫ್‌ಮನ್ ಕಂಪನಿಯ 75 ಸುಮಾರು 0.5, ಗಾರ್ಟನ್ 2 ಸುಮಾರು 1.1. ಹಾಗಾದರೆ ಅದೇ ಮೇನ್ ಖಾಲಿಯಾಗಲು ಗಾರ್ಟನ್ 1ಕ್ಕೆ ಮೂರು ನಿಮಿಷದ ಹತ್ತಿರ, ಹಾಫ್‌ಮನ್ 75ಕ್ಕೆ ಎರಡರ ಹತ್ತಿರ, ಗಾರ್ಟನ್ 2ಕ್ಕೆ ಒಂದು ನಿಮಿಷವೂ ಬೇಡ. ಕಬ್ಬಿಣ ಕಾಯುವ ಹೊತ್ತು ಇದಕ್ಕೆ ಸೇರಿಸಿಕೊಳ್ಳಬೇಕು, ಅದನ್ನು ಯಾವ ವೆಂಟೂ ಉಳಿಸಿಕೊಡದು.

ಗಾರ್ಟನ್ 2 ನಮ್ಮ ಮೊದಲ ಆಯ್ಕೆ. ಅದರ ಕೊರತೆ ಒಂದೇ, ಗಾತ್ರ. ನೆಲಮಾಳಿಗೆಯ ಸೂರು ಪೈಪಿಗೆ ಅಂಟಿಕೊಂಡಂತಿದ್ದರೆ ಅದು ನಿಲ್ಲಲು ಎತ್ತರವೇ ಸಿಗದು. ಅಂಥಲ್ಲಿ ಮೂರು ಗಾರ್ಟನ್ 1 ಸಾಲಾಗಿ ಕೂರಿಸಿದರೆ ಹೆಚ್ಚುಕಡಿಮೆ ಒಂದು ಗಾರ್ಟನ್ 2ರ ಕೆಲಸವಾಗುತ್ತದೆ. ಟೀ (T ಆಕಾರದ ಮೂರು ಬಾಯಿಯ ಜೋಡಣೆ) ಮತ್ತು ನಿಪ್ಪಲ್ (ಗಿಡ್ಡ ಪೈಪಿನ ತುಂಡು) ಜೋಡಿಸಿ ಮಾಡುವ ಈ ಕವಲನ್ನು ಅಮೆರಿಕದ ಪ್ಲಂಬರ್‌ಗಳು ಜಿಂಕೆಯ ಕೊಂಬು ಅನ್ನುತ್ತಾರೆ, ನೋಡಲೂ ಹಾಗೇ ಇರುತ್ತದೆ. ಬಾರ್ನ್ಸ್ ಅಂಡ್ ಜೋನ್ಸ್‌ನವರ ಬಿಗ್ ಮೌತ್ ಗಾರ್ಟನ್ 2ಕ್ಕಿಂತಲೂ ಹೆಚ್ಚು ಗಾಳಿ ಬಿಡುತ್ತದೆ, ಆಕಾರ ಕುಳ್ಳ. ಉದ್ದನೆಯ, 3 ಅಂಗುಲದ ಮೇನ್ ಇರುವ ದೊಡ್ಡ ಕಟ್ಟಡಕ್ಕೆ ಅದು ಹೇಳಿ ಮಾಡಿಸಿದ್ದು; ಮೂವತ್ತು ಅಡಿಯ ಮೇನ್‌ಗೆ ಅದು ಬೇಕಿಲ್ಲ. ಹಾಫ್‌ಮನ್ 75 ಕೆಟ್ಟದ್ದೇನಲ್ಲ, ಆದರೆ ಉದ್ದದ ಮೇನ್‌ಗೆ ಒಂದು ಸಾಲದು, ಎರಡು ಹಾಕುವ ಹೊತ್ತಿಗೆ ಗಾರ್ಟನ್ 2 ಒಂದೇ ಸಾಕಿತ್ತು ಅನ್ನಿಸುತ್ತದೆ.

ಮೇನ್ ಎರಡು ಕವಲಾಗಿ ಹೋಗಿದ್ದರೆ ಎರಡಕ್ಕೂ ಬೇರೆ ಬೇರೆ ಲೆಕ್ಕ. 20 ಅಡಿಯ ಕವಲಿಗೂ 60 ಅಡಿಯ ಕವಲಿಗೂ ಒಂದೇ ವೆಂಟ್ ಹಾಕಿದರೆ ಹಬೆ ಸುಲಭದ ದಾರಿ ಹಿಡಿಯುತ್ತದೆ. ಎರಡರ ತುದಿಗೂ ಹಬೆ ಒಂದೇ ಸಮಯಕ್ಕೆ ಮುಟ್ಟುವಂತೆ ಗಾತ್ರ ಆರಿಸಬೇಕು. ಕಟ್ಟಡದ ಅರ್ಧ ಬೆಚ್ಚಗೆ, ಅರ್ಧ ತಣ್ಣಗೆ ಅನ್ನುವ ದೂರಿನ ಹಿಂದೆ ಇರುವುದು ಬಹುತೇಕ ಇದೇ.

ಕೂರಿಸುವ ಜಾಗವೂ ಮುಖ್ಯ. ಮೇನ್ ಕೊನೆಗೊಂಡು ಕೆಳಗಿಳಿಯುವ ಮೊಳಕೈ ತಿರುವಿನ ನೆತ್ತಿಯ ಮೇಲೇ ವೆಂಟ್ ನಿಲ್ಲಿಸಿದರೆ, ಹಬೆ ಅಟ್ಟಿಕೊಂಡು ಬಂದ ನೀರು ಅಲ್ಲಿಗೆ ಅಪ್ಪಳಿಸಿ ಒಳಗಿನ ಸೂಕ್ಷ್ಮ ಭಾಗ ಜಜ್ಜಿಹೋಗುತ್ತದೆ. ತಿರುವಿಗಿಂತ 15 ಅಂಗುಲ ಹಿಂದಕ್ಕೆ, 6ರಿಂದ 10 ಅಂಗುಲದ ನಿಪ್ಪಲ್ ಮೇಲೆ ಎತ್ತರಿಸಿ ನಿಲ್ಲಿಸುವುದು ಸರಿಯಾದ ಕ್ರಮ. ಹಳೆಯ ಪ್ಲಗ್ ಬಿಚ್ಚುವಾಗ ಅದು ಅಲ್ಲಾಡದಿದ್ದರೆ ಬಲಾತ್ಕಾರ ಬೇಡ. ನೂರು ವರ್ಷದ ಬೀಡುಕಬ್ಬಿಣದ ಟೀ ಸೀಳಿತೆಂದರೆ ಕೆಲಸ ಹತ್ತುಪಟ್ಟಾಯಿತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಡಿ, ಎರಡು ಸ್ಪ್ಯಾನರ್ ಹಿಡಿದು ಒಂದರಿಂದ ಟೀ ಅಲ್ಲಾಡದಂತೆ ತಡೆದು ಇನ್ನೊಂದರಿಂದ ತಿರುಗಿಸಿ.

ಇನ್ನೊಂದು ಎಚ್ಚರ. ನೆಲಮಾಳಿಗೆಯ ಪೈಪಿನ ಮೇಲೆ ಸುಣ್ಣದ ಗಾರೆಯಂತೆ ಬಿಳಿಯ ಹೊದಿಕೆ ಇದ್ದರೆ ಅದು ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಅದನ್ನು ಕೆರೆಯುವುದು, ಒಡೆಯುವುದು ಸ್ವಂತ ಕೈಯಿಂದ ಮಾಡುವ ಕೆಲಸವಲ್ಲ. ಪರವಾನಗಿ ಇದ್ದವರನ್ನೇ ಕರೆಯಬೇಕು.

ರೇಡಿಯೇಟರ್ ವೆಂಟ್‌ಗಳು: ವೇಗವೇ ಗುಣವಲ್ಲ

ಮೇನ್ ಸರಿಹೋದ ಮೇಲೆ ನಾಲ್ಕು ದಿನ ಸುಮ್ಮನಿದ್ದು ನೋಡಿ. ಎಷ್ಟೋ ಮನೆಗಳಲ್ಲಿ ಅರ್ಧ ದೂರು ಅಲ್ಲೇ ಮುಗಿದಿರುತ್ತದೆ. ಉಳಿದ ಅರ್ಧಕ್ಕೆ ರೇಡಿಯೇಟರ್ ವೆಂಟ್‌ಗಳು. ಸಾಮಾನ್ಯವಾಗಿ ಇವೆಲ್ಲ 1/8 ಅಂಗುಲದ ಥ್ರೆಡ್‌ನವು, ಹಾಗಾಗಿ ಒಂದು ಕಂಪನಿಯದರ ಜಾಗಕ್ಕೆ ಇನ್ನೊಂದು ಕೂರುತ್ತದೆ.

ಗಾರ್ಟನ್‌ನ ಸಾಲಿನಲ್ಲಿ ಐದು ಬಗೆ: 4, 5, 6, ಸಿ, ಡಿ. 4 ಅತಿ ನಿಧಾನ, ಡಿ ಅತಿ ವೇಗ. ವೇಗ ಬದಲಿಸುವ ಚಕ್ರವಿಲ್ಲ, ಕೊಂಡಿದ್ದೇ ಕೊನೆ. ಕೊರತೆಯಂತೆ ಕಂಡರೂ ಹಲವು ಮನೆಗಳ ಕಟ್ಟಡದಲ್ಲಿ ಅದೇ ಅದರ ದೊಡ್ಡ ಗುಣ. ತಿರುಗಿಸುವ ಚಕ್ರ ಇದ್ದರೆ ಪ್ರತಿಯೊಬ್ಬರೂ ತಮ್ಮ ಕೋಣೆಯದನ್ನು ಕಡೆಯ ತನಕ ತಿರುಗಿಸುತ್ತಾರೆ. ಎಲ್ಲರೂ ತಿರುಗಿಸಿದ ಮೇಲೆ ಲೆಕ್ಕ ಮತ್ತೆ ಮೊದಲಿನ ಜಾಗಕ್ಕೇ ಬರುತ್ತದೆ, ಗದ್ದಲ ಮಾತ್ರ ಜಾಸ್ತಿ.

ಹಾಫ್‌ಮನ್ 40 ಇನ್ನೊಂದು ನಿಧಾನದ, ಸ್ಥಿರ ವೇಗದ ವೆಂಟ್. ಗಟ್ಟಿಮುಟ್ಟು, ಸದ್ದು ಕಡಿಮೆ. ಚಿಕ್ಕ ರೇಡಿಯೇಟರ್‌ಗೆ, ಮಲಗುವ ಕೋಣೆಗೆ, ಥರ್ಮೋಸ್ಟ್ಯಾಟ್ ಇರುವ ಕೋಣೆಗೆ ಕಣ್ಣು ಮುಚ್ಚಿ ಹಾಕಬಹುದು. ಅದೇ ಕಂಪನಿಯ 1ಎಗೆ ಆರು ಅಂಕಿಗಳ ಚಕ್ರವಿದೆ. ಒಂದೇ ಕುಟುಂಬ ಇರುವ ಮನೆಯಲ್ಲಿ, ಯಾವ ಕೋಣೆಗೆ ಎಷ್ಟು ಬೇಕೆಂದು ಇನ್ನೂ ಗೊತ್ತಾಗದ ಹಂತದಲ್ಲಿ ಅದು ಅನುಕೂಲ. ಆದರೆ ಅದಕ್ಕೊಂದು ಮಿತಿ ಇದೆ: ಒತ್ತಡ ಒಂದೂವರೆ ಪಿಎಸ್‌ಐಗಿಂತ ಕೆಳಗಿಳಿಯದ ಹೊರತು ಒಮ್ಮೆ ಮುಚ್ಚಿದ ಬಾಯಿ ಮತ್ತೆ ಸರಿಯಾಗಿ ತೆರೆದುಕೊಳ್ಳುವುದಿಲ್ಲ. ಬಾಯ್ಲರ್ ಯಾವಾಗಲೂ 2 ಪಿಎಸ್‌ಐ ಮೇಲೇ ಆಡುತ್ತಿದ್ದರೆ 1ಎ ಮೊದಲ ಸಲ ಮುಚ್ಚಿ ಹಾಗೇ ಕೂತುಬಿಡುತ್ತದೆ. ಹಾಕಿದವರು ವೆಂಟ್‌ಗೆ ಬೈಯುತ್ತಾರೆ. ತಪ್ಪು ಬಾಯ್ಲರ್‌ನದು.

ವೆಂಟ್-ರೈಟ್ 1 ಕೂಡ ಚಕ್ರ ಇರುವಂಥದ್ದು. ತಿರುಗಿಸಿದಷ್ಟಕ್ಕೆ ವೇಗ ಏರುವುದು ಇದರಲ್ಲಿ ಹೆಚ್ಚು ಹಿಡಿತಕ್ಕೆ ಸಿಗುತ್ತದೆ. ಚಕ್ರದ ವೆಂಟೇ ಬೇಕೆಂದರೆ ನಮ್ಮ ಒಲವು ಇದರ ಕಡೆಗೆ.

ಮೇಡ್-ಓ-ಮಿಸ್ಟ್‌ನಲ್ಲಿ ಗಾಳಿ ಹೊರಡುವ ತುದಿಯನ್ನೇ ಬಿಚ್ಚಿ ಬದಲಿಸಬಹುದು. ತುದಿಗಳ ಗುರುತು ಗಾರ್ಟನ್‌ನಂತೆಯೇ 4, 5, 6, ಸಿ, ಡಿ. ಹತ್ತು ರೇಡಿಯೇಟರ್ ಇರುವ ಮನೆಗೆ ಒಂದೇ ಬಗೆಯ ವೆಂಟ್ ಹತ್ತು ತಂದು, ತುದಿ ಮಾತ್ರ ಬದಲಿಸುತ್ತಾ ಸರಿದೂಗಿಸುವುದು ಜಾಣತನದ ದಾರಿ. ಹೊಂದಾಣಿಕೆಯೂ ಆಯಿತು, ಕೈಯಾಡಿಸಲು ಚಕ್ರವೂ ಇಲ್ಲ. ಕಂಪನಿ ಯಾವುದಾದರೂ ಸರಿ, ಕೂರಿಸುವ ಮೊದಲು ಪ್ರತಿಯೊಂದನ್ನೂ ಬಾಯಲ್ಲಿ ಊದಿ ನೋಡಿ. ತಣ್ಣಗಿರುವ ವೆಂಟ್‌ನಲ್ಲಿ ಗಾಳಿ ಸರಾಗವಾಗಿ ದಾಟಬೇಕು. ಒಂದೇ ತುದಿ ಹಾಕಿದ ಎರಡು ವೆಂಟ್‌ಗಳಲ್ಲಿ ಒಂದು ಊದಲು ಬಿಗಿ, ಇನ್ನೊಂದು ಸಲೀಸು ಅನ್ನಿಸಿದರೆ ಬಿಗಿಯಾದದ್ದನ್ನು ಹಿಂತಿರುಗಿಸಿ.

ಹೀಟ್-ಟೈಮರ್‌ನವರ ವೇರಿವಾಲ್ವ್ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕು. ಕಡಿಮೆಯ ತುದಿಗೆ ತಿರುಗಿಸಿದರೂ ಅದು ಉಳಿದವರ ನಿಧಾನದ ವೆಂಟ್‌ಗಿಂತ ಬಹಳ ವೇಗ. ಉದ್ದನೆಯ ಅಡ್ಡ ಪೈಪಿನ ಕೊನೆಯಲ್ಲಿರುವ, ಇಪ್ಪತ್ತು ಸೆಕ್ಷನ್‌ನ ಭಾರಿ ರೇಡಿಯೇಟರ್‌ಗೆ ಅದು ಸರಿ. ಮಾಮೂಲಿ ಕೋಣೆಗೆ ಹಾಕಿದರೆ ಆಗುವುದು ಹೀಗೆ: ಹಬೆ ಭರದಿಂದ ನುಗ್ಗುತ್ತದೆ, ಅದೇ ಪೈಪಿನಲ್ಲಿ ಕೆಳಗಿಳಿಯಬೇಕಾದ ನೀರು ಇಳಿಯಲಾಗದೆ ತಡೆದು ನಿಲ್ಲುತ್ತದೆ, ಕಡೆಗೆ ವೆಂಟ್ ಬಾಯಿಂದ ಕಂದು ಬಣ್ಣದ ನೀರು ಗೋಡೆಗೆ ಚಿಮ್ಮುತ್ತದೆ. ‘ವೆಂಟ್ ನೀರು ಉಗುಳುತ್ತಿದೆ’ ಎಂಬ ದೂರು ಬಂದರೆ ಮೊದಲು ಇದನ್ನೇ ಅನುಮಾನಿಸಬೇಕು.

ಯಾವುದಕ್ಕೆ ಯಾವ ವೇಗ? ಎಲ್ಲಕ್ಕೂ 4 ಅಥವಾ 5ರಿಂದ ಶುರುಮಾಡಿ. ಬಾಯ್ಲರ್‌ಗೆ ಹತ್ತಿರದ ಚಿಕ್ಕ ರೇಡಿಯೇಟರ್‌ಗಳು ಅದರಲ್ಲೇ ಇರಲಿ. ದೊಡ್ಡ ರೇಡಿಯೇಟರ್, ಮೇಲಿನ ಮಹಡಿಯದು, ಮೇನ್‌ನಿಂದ ಉದ್ದದ ಕವಲು ಹಾದು ಬರುವಂಥದ್ದು, ಇವಕ್ಕೆ 6 ಅಥವಾ ಸಿ. ಒಂದು ಸಲಕ್ಕೆ ಎರಡಕ್ಕಿಂತ ಹೆಚ್ಚು ವೆಂಟ್ ಬದಲಿಸಬೇಡಿ, ಬದಲಿಸಿದ ಮೇಲೆ ಎರಡು ಮೂರು ದಿನ ನೋಡಿ. ಥರ್ಮೋಸ್ಟ್ಯಾಟ್ ಇರುವ ಕೋಣೆಯದನ್ನು ಸ್ವಲ್ಪ ನಿಧಾನ ಮಾಡಿದರೆ ಬಾಯ್ಲರ್ ಇನ್ನಷ್ಟು ಹೊತ್ತು ಉರಿಯುತ್ತದೆ, ಉಳಿದ ಕೋಣೆಗಳಿಗೆ ಪಾಲು ಸಿಗುತ್ತದೆ. ಬೆಚ್ಚಗಿರುವುದನ್ನು ತಡೆಯುವುದು ತಣ್ಣಗಿರುವುದನ್ನು ಅವಸರಪಡಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಇದನ್ನು ಒಪ್ಪಿಸುವುದೇ ಕಷ್ಟ, ಯಾಕೆಂದರೆ ದೂರು ಕೊಟ್ಟವರ ಕೋಣೆಗೆ ಕಾಲಿಡದೆ ಪಕ್ಕದವರ ವೆಂಟ್ ಬಿಚ್ಚಬೇಕಾಗುತ್ತದೆ.

ಭಾರಿ ರೇಡಿಯೇಟರ್‌ನ ಅರ್ಧ ಮಾತ್ರ ಕಾಯುತ್ತಿದ್ದರೆ, ಅದು ಕೆಟ್ಟಿದೆ ಎಂದೇ ಅಲ್ಲ. ಹದವಾದ ಚಳಿಯ ದಿನ ಅರ್ಧ ಕಾದರೆ ಸಾಕಾಗುವಂತೆ ಅದರ ಗಾತ್ರ ಇರುತ್ತದೆ. ಮೈ ಕೊರೆಯುವ ಚಳಿಯಲ್ಲೂ ಅರ್ಧಕ್ಕೇ ನಿಂತರೆ ಮಾತ್ರ ವೆಂಟ್ ನೋಡಬೇಕು. ಮೇಲಿನ ಮಹಡಿಗೆ ಹೋಗುವ ಉದ್ದನೆಯ ರೈಸರ್ ಪೈಪು ಇದ್ದರೆ ಅದರ ಗಾಳಿಯೂ ಮೇಲಿನ ರೇಡಿಯೇಟರ್ ವೆಂಟ್‌ನಿಂದಲೇ ಹೊರಡಬೇಕು. ಆಗ ರೈಸರ್‌ನ ನೆತ್ತಿಗೆ ಒಂದು ಗಾರ್ಟನ್ 1, ಅದಾಗದಿದ್ದರೆ ಅದೇ ರೇಡಿಯೇಟರ್‌ಗೆ ಎರಡನೆಯ ವೆಂಟ್. ಕೊನೆಯ ಸೆಕ್ಷನ್‌ನಲ್ಲಿ ಮೊದಲ ವೆಂಟ್‌ಗಿಂತ ಕೆಳಗೆ ದಪ್ಪನೆಯ ಉಬ್ಬು ಇದ್ದರೆ ಅಲ್ಲಿ 11/32 ಅಂಗುಲದ ಡ್ರಿಲ್‌ನಿಂದ ಕೊರೆದು ಥ್ರೆಡ್ ಕೊರೆಯುವ 1/8 ಅಂಗುಲದ ಪೈಪ್ ಟ್ಯಾಪ್ ಹೊಡೆಯುತ್ತಾರೆ. ಮೇಲ್ಭಾಗದಲ್ಲಿ ಕೊರೆಯಬಾರದು. ಹಬೆ ಗಾಳಿಗಿಂತ ಹಗುರ, ಮೊದಲು ಮೇಲಕ್ಕೇರಿ ನೆತ್ತಿಯುದ್ದಕ್ಕೂ ಓಡುತ್ತದೆ; ಮೇಲಿನ ವೆಂಟ್ ಬೇಗ ಮುಚ್ಚಿಕೊಂಡು ಕೆಳಗಿನ ಗಾಳಿ ಒಳಗೇ ಸಿಕ್ಕಿಬೀಳುತ್ತದೆ.

ವೆಂಟ್ ಬದಲಿಸುವ ಕೆಲಸ ಹತ್ತು ನಿಮಿಷದ್ದು. ಬಾಯ್ಲರ್ ಆರಿಸಿ, ರೇಡಿಯೇಟರ್ ತಣಿದ ಮೇಲೆ ಹಳೆಯದನ್ನು ಎಡಕ್ಕೆ ತಿರುಗಿಸಿ ಬಿಚ್ಚಿ. ರಂಧ್ರದ ಥ್ರೆಡ್‌ನಲ್ಲಿರುವ ತುಕ್ಕಿನ ಪುಡಿ ತೆಗೆಯಿರಿ. ಹೊಸದಕ್ಕೆ ಟೆಫ್ಲಾನ್ ಟೇಪು ಮೂರು ನಾಲ್ಕು ಸುತ್ತು, ತುದಿಯ ಒಂದು ಥ್ರೆಡ್ ಬಿಟ್ಟು ಸುತ್ತಿ. ಬಿಡದಿದ್ದರೆ ಟೇಪಿನ ಚೂರು ಒಳಗೆ ಹೋಗಿ ಬಾಯಿ ಕಟ್ಟುತ್ತದೆ. ಕೈಯಿಂದ ತಿರುಗಿಸಿ, ಕೊನೆಯ ಒಂದು ಸುತ್ತು ಮಾತ್ರ ಸ್ಪ್ಯಾನರ್‌ನಿಂದ, ಅದೂ ಬುಡದ ಚಪ್ಪಟೆ ಭಾಗಕ್ಕೆ. ಡಬ್ಬಿಯ ಮೈ ಹಿಡಿದು ತಿರುಚಿದರೆ ಅದು ಅಲ್ಲೇ ಸತ್ತಿತು. ನೆಟ್ಟಗೆ ನಿಲ್ಲಬೇಕು. ವಾಲಿದ ವೆಂಟ್ ತನ್ನೊಳಗಿನ ನೀರನ್ನು ರೇಡಿಯೇಟರ್‌ಗೆ ಮರಳಿ ಬಿಡದೆ ಬುಳುಬುಳು ಅನ್ನುತ್ತದೆ. ಹಳೆಯದನ್ನು ವಿನಿಗರ್‌ನಲ್ಲಿ ಕುದಿಸಿ ತೊಳೆದರೆ ಕೆಲವು ಮರುಜೀವ ಪಡೆಯುತ್ತವೆ. ಬಹಳ ಕಾಲ ಬಾಳುತ್ತವೆಂದು ಎಣಿಸಬೇಡಿ.

ಪ್ರೆಷರ್ ಏರಿಸುವ ಚಟ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ತುದಿಯ ಮನೆ ತಣ್ಣಗಿದೆ ಎಂದು ಬಾಯ್ಲರ್‌ನ ಒತ್ತಡ ಏರಿಸುವುದು ಅಂಥದ್ದೇ ಚಿಕಿತ್ಸೆ. ಒಂದು ಪಿಎಸ್‌ಐನಲ್ಲಿ ಹಬೆಯ ಬಿಸಿ ಸುಮಾರು 102 ಡಿಗ್ರಿ ಸೆಲ್ಸಿಯಸ್, ಎರಡರಲ್ಲಿ ಸುಮಾರು 104. ಒತ್ತಡ ಇಮ್ಮಡಿಸಿ ಗಳಿಸಿದ್ದು ಎರಡು ಡಿಗ್ರಿಯ ಹತ್ತಿರ, ಅಷ್ಟೇ. ಕಾವು ಕೊಡುವುದು ಹಬೆ ನೀರಾಗುವಾಗ ಬಿಡುವ ಶಾಖ, ಕಿಲೋಗೆ ಹತ್ತಿರಹತ್ತಿರ 2,257 ಕಿಲೋಜೂಲ್. ಒತ್ತಡ ಏರಿಸಿದರೆ ಅದು ಹೆಚ್ಚುವುದಿಲ್ಲ. ಅಡುಗೆಯ ಪ್ರೆಷರ್ ಕುಕ್ಕರ್ ಕೆಲಸ ಮಾಡುವುದು 15 ಪಿಎಸ್‌ಐ ಸುಮಾರಿನಲ್ಲಿ. ಇಡೀ ಮನೆ ಕಾಯಿಸುವ ಬಾಯ್ಲರ್‌ಗೆ ಅದರ ಹತ್ತನೇ ಒಂದು ಭಾಗ ಸಾಕು ಅಂದರೆ ಹೊಸಬರು ನಂಬುವುದಿಲ್ಲ.

ಏರಿಸಿದ್ದರ ಕೆಡುಕು ಮಾತ್ರ ಖಾತ್ರಿ. ಒಂದು ಪಿಎಸ್‌ಐ ಒತ್ತಡ ನೀರನ್ನು ಸುಮಾರು 28 ಅಂಗುಲ ಎತ್ತರಕ್ಕೆ ತಳ್ಳಿ ನಿಲ್ಲಿಸುತ್ತದೆ. ಬಾಯ್ಲರ್‌ಗೆ ಮರಳಬೇಕಾದ ನೀರು ಮರಳುವ ಪೈಪಿನಲ್ಲೇ ಏರಿ ನಿಂತು, 2 ಪಿಎಸ್‌ಐ ಹೊತ್ತಿಗೆ 56 ಅಂಗುಲ ಮುಟ್ಟಿ, ಮೇನ್ ಪೈಪಿನೊಳಗೇ ನುಗ್ಗಬಹುದು. ಮೇನ್ ವೆಂಟ್‌ಗೆ ನೀರು ಹೊಕ್ಕಿತು, ಢಣ್ ಢಣ್ ಸದ್ದು ಶುರುವಾಯಿತು, ತುದಿಯ ಮನೆ ಮೊದಲಿಗಿಂತ ತಣ್ಣಗಾಯಿತು.

ಹನಿವೆಲ್‌ನ ಪಿಎ404ಎ ಪ್ರೆಷರ್‌ಟ್ರೋಲ್ (ಒತ್ತಡ ನೋಡಿ ಬಾಯ್ಲರ್ ಹೊತ್ತಿಸಿ ಆರಿಸುವ ಸ್ವಿಚ್) ಇದ್ದರೆ ಮುಂಬದಿಯ ಅಳತೆಪಟ್ಟಿಯಲ್ಲಿ ಸೂಚಿಯನ್ನು 0.5ಕ್ಕೆ, ಒಳಗಿನ ಬಿಳಿ ಚಕ್ರವನ್ನು 1ಕ್ಕೆ ಇಡಿ. ಅರ್ಧ ಪಿಎಸ್‌ಐಗೆ ಹೊತ್ತಿ ಒಂದೂವರೆಗೆ ಆರುತ್ತದೆ. ಸೂಚಿಯನ್ನು 0.5ಕ್ಕಿಂತ ಕೆಳಗೆ ತಿರುಗಿಸುತ್ತಾ ಹೋಗಬೇಡಿ, ಒಳಗಿನ ಕೊಂಡಿ ಕಳಚಿಕೊಳ್ಳುತ್ತದೆ. ಇದನ್ನೆಲ್ಲ ಮಾಡಿದ ಮೇಲೂ ಒತ್ತಡ ಏರುತ್ತಲೇ ಇದ್ದರೆ ಉಪಕರಣಕ್ಕೆ ಬೈಯುವ ಮೊದಲು ಅದರ ಕೆಳಗಿರುವ, ಹಂದಿಯ ಬಾಲದಂತೆ ಸುರುಳಿ ಸುತ್ತಿದ ಸಣ್ಣ ಪೈಪು ಬಿಚ್ಚಿ ನೋಡಿ. ಅದರೊಳಗೆ ಕಪ್ಪು ಗಸಿ ಗಟ್ಟಿಯಾಗಿ ಕೂತಿರುತ್ತದೆ. ಒತ್ತಡ ಪ್ರೆಷರ್‌ಟ್ರೋಲ್‌ಗೆ ಮುಟ್ಟುವುದೇ ಇಲ್ಲ, ಅದು ಬಾಯ್ಲರ್ ಆರಿಸುವುದೂ ಇಲ್ಲ. ತಂತಿ ಹಾಕಿ ಕೆರೆದು, ತೊಳೆದು, ಮರಳಿ ಹಾಕುವ ಮುನ್ನ ಸುರುಳಿಯಲ್ಲಿ ನೀರು ತುಂಬಿ. ಹಬೆ ನೇರವಾಗಿ ಉಪಕರಣಕ್ಕೆ ತಾಗದಂತೆ ಕಾಯುವುದು ಆ ನೀರೇ. ಈ ಕೆಲಸ ಬಾಯ್ಲರ್ ತಂತ್ರಜ್ಞರಿಗೆ ಬಿಡುವುದು ಲೇಸು, ಆದರೆ ಅವರು ಬಿಚ್ಚಿ ನೋಡಿದರೋ ಇಲ್ಲವೋ ಎಂದು ನೀವು ನಿಂತು ನೋಡಿ.

ಔನ್ಸ್ ಲೆಕ್ಕದಲ್ಲಿ ಹಿಡಿತ ಬೇಕೆಂದರೆ ವೇಪರ್‌ಸ್ಟ್ಯಾಟ್ ಇದೆ, ಒಂದು ಮಾದರಿ 0ಯಿಂದ 16 ಔನ್ಸ್‌ವರೆಗಿನದು. ಒಳ್ಳೆಯ ಉಪಕರಣ. ವೆಂಟ್‌ಗಳು ಸರಿಯಾಗದೆ ಅದನ್ನು ಹಾಕಿದರೆ ಬಾಯ್ಲರ್ ಹೊತ್ತುತ್ತಾ ಆರುತ್ತಾ ಇರುತ್ತದಷ್ಟೇ. ಬಾಯ್ಲರ್ ಜೊತೆ ಬರುವ 0ಯಿಂದ 30 ಪಿಎಸ್‌ಐ ಮೀಟರಿನಲ್ಲಿ ಒಂದು, ಒಂದೂವರೆ ಅನ್ನುವುದು ಕಣ್ಣಿಗೆ ಕಾಣದು. ನಿಯಮಕ್ಕಾಗಿ ಅದು ಇರಲೇಬೇಕು, ಅದರ ಜೊತೆಗೆ 0ಯಿಂದ 3 ಪಿಎಸ್‌ಐನ ಇನ್ನೊಂದು ಮೀಟರ್ ಹಾಕಿಸಿ.

ವಾಟ, ವಾಲ್ವ್, ಸದ್ದು

ಒಂಟಿ ಪೈಪಿನಲ್ಲಿ ಮೇಲೇರುವ ಹಬೆಯೂ ಕೆಳಗಿಳಿಯುವ ನೀರೂ ಒಂದೇ ದಾರಿ ಹಂಚಿಕೊಳ್ಳುತ್ತವೆ. ಆದ್ದರಿಂದ ರೇಡಿಯೇಟರ್‌ಗೆ ವಾಲ್ವ್ ಕಡೆಗೆ ವಾಟ ಇರಬೇಕು. ನೂರು ವರ್ಷದಲ್ಲಿ ನೆಲ ಕುಸಿದು, ಕಾಲು ಮರದೊಳಗೆ ಇಳಿದು ವಾಟ ಉಲ್ಟಾ ಆಗಿರುತ್ತದೆ. ಮೇಲೆ ರಸಮಟ್ಟ ಇಟ್ಟು ನೋಡಿ. ಗುಳ್ಳೆ ವೆಂಟ್ ಕಡೆಗೆ ಸ್ವಲ್ಪ ಸರಿದಿರಬೇಕು. ಇಲ್ಲದಿದ್ದರೆ ವೆಂಟ್ ಕಡೆಯ ಕಾಲುಗಳ ಕೆಳಗೆ ಕಾಲು ಅಂಗುಲದ ಲೋಹದ ಬಿಲ್ಲೆ ಇಡಿ. ಎರಡಂಗುಲ ಎತ್ತಬೇಡಿ, ಪೈಪಿನ ಕೂಡುಗಂಟು ಬಿಟ್ಟುಹೋದೀತು. ನೆಲಮಾಳಿಗೆಯ ಮೇನ್‌ಗೂ 20 ಅಡಿಗೆ ಒಂದಂಗುಲ ವಾಟ ಬೇಕು. ಹಬೆಯೂ ನೀರೂ ಎದುರುಬದುರು ಹರಿಯುವ ಮೇನ್ ಆದರೆ 10 ಅಡಿಗೆ ಒಂದಂಗುಲ. ಜೋತುಬಿದ್ದ ಒಂದು ಕಡೆ ನೀರು ನಿಂತರೂ ಅಲ್ಲಿಂದಲೇ ಸುತ್ತಿಗೆ ಹೊಡೆದ ಸದ್ದು ಏಳುತ್ತದೆ.

ಕಾವು ಜಾಸ್ತಿಯಾಯಿತೆಂದು ವಾಲ್ವನ್ನು ಅರ್ಧ ಮುಚ್ಚುವ ಅಭ್ಯಾಸ ಬಿಡಿಸಬೇಕು. ಅರ್ಧ ಮುಚ್ಚಿದ ಬಾಯಲ್ಲಿ ಹಬೆ ಒಳಗೆ ಬರುತ್ತದೆ, ನೀರು ಹೊರಗೆ ಹೋಗದು. ಪೂರ್ತಿ ತೆರೆ, ಇಲ್ಲವೇ ಪೂರ್ತಿ ಮುಚ್ಚು. ಕಾವು ತಗ್ಗಿಸಲೇಬೇಕೆಂದರೆ ವೆಂಟ್ ಮತ್ತು ರೇಡಿಯೇಟರ್ ನಡುವೆ ಕೂರುವ ಥರ್ಮೋಸ್ಟ್ಯಾಟಿಕ್ ವಾಲ್ವ್ ಇದೆ. ಡ್ಯಾನ್‌ಫಾಸ್ ಮುಂತಾದವರು ಮಾಡುತ್ತಾರೆ. ಕೋಣೆ ಬೆಚ್ಚಗಿದ್ದರೆ ಅದು ಗಾಳಿ ಹೊರಡುವುದನ್ನು ತಡೆಯುತ್ತದೆ, ಹಬೆ ಒಳಬರುವುದಿಲ್ಲ. ಆದರೆ ಹಬೆ ತುಂಬಿದ ಮೇಲೆ ಅದು ಮುಚ್ಚಿಕೊಂಡರೆ ಪ್ರಯೋಜನವಿಲ್ಲ, ಆ ಸರದಿಯ ಕಾವು ಬಂದಾಗಿರುತ್ತದೆ. ಕಿಟಕಿ ತೆರೆದು ಕೂರುವ ಕೋಣೆಗೆ ಇದು ಒಳ್ಳೆಯ ಮದ್ದು. ತಣ್ಣಗಿರುವ ಕೋಣೆಗೆ ಇದರಿಂದ ಏನೂ ಆಗದು. ಥರ್ಮೋಸ್ಟ್ಯಾಟ್ ಇರುವ ಕೋಣೆಗೆ ಹಾಕಲೇಬಾರದು.

ಥರ್ಮೋಸ್ಟ್ಯಾಟ್‌ನ ಒಳಸೆಟ್ಟಿಂಗ್‌ನಲ್ಲಿ ಗಂಟೆಗೆ ಎಷ್ಟು ಸರದಿ, ಅಂದರೆ ಬಾಯ್ಲರ್ ಎಷ್ಟು ಸಲ ಹೊತ್ತಬೇಕು, ಎಂದು ಕೇಳುವ ಜಾಗ ಇರುತ್ತದೆ. ಹಬೆಗೆ ಅದು 1 ಇರಬೇಕು. 5 ಇಟ್ಟಿದ್ದರೆ ಹಬೆ ತುದಿ ಮುಟ್ಟುವ ಮೊದಲೇ ಬಾಯ್ಲರ್ ಆರುತ್ತಿರುತ್ತದೆ. ಯಾವ ವೆಂಟೂ ಕೊಳ್ಳದೆ, ಬಟನ್ ಒತ್ತಿಯೇ ಸರಿಯಾಗುವ ಅಸಮ ಕಾವು ಇದೊಂದೇ, ಮೊದಲ ದಿನವೇ ನೋಡಿಬಿಡಿ.

ನೆಲಮಾಳಿಗೆಯ ಬರಿಮೈ ಪೈಪಿಗೆ ಒಂದಂಗುಲದ ಫೈಬರ್‌ಗ್ಲಾಸ್ ಹೊದಿಕೆ ಹಾಕಿಸಿ. ದಾರಿಯಲ್ಲೇ ನೀರಾಗುವ ಹಬೆ ತುದಿಗೆ ಮುಟ್ಟುವುದು ಹೇಗೆ? ಇದರಲ್ಲಿ ಹೆಚ್ಚು ಹೇಳುವುದೇನೂ ಇಲ್ಲ.

ಬಾಯ್ಲರ್‌ನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ (ಗೇಜ್ ಗ್ಲಾಸ್) ಒಳಗೆ ನೀರು ಮುಕ್ಕಾಲು ಅಂಗುಲಕ್ಕಿಂತ ಹೆಚ್ಚು ಕುಣಿಯುತ್ತಿದ್ದರೆ ನೀರಿನ ಮೇಲೆ ಎಣ್ಣೆ ತೇಲುತ್ತಿದೆ ಎಂದರ್ಥ. ಹೊಸ ಪೈಪು ಹಾಕಿಸಿದ ಮೇಲೆ ಇದು ಸಾಮಾನ್ಯ. ಎಣ್ಣೆಯಿದ್ದರೆ ಹಬೆ ನೀರಹನಿ ಹೊತ್ತು ಒದ್ದೆಯಾಗಿ ಹೊರಡುತ್ತದೆ, ಒದ್ದೆ ಹಬೆ ದೂರ ಓಡುವುದಿಲ್ಲ. ಬಾಯ್ಲರ್ ಬದಿಯ ಸ್ಕಿಮ್ ಬಾಯಿಂದ, ಪೆನ್ಸಿಲ್ ದಪ್ಪದ ಧಾರೆಯಲ್ಲಿ, ಗಂಟೆಗಟ್ಟಲೆ ನಿಧಾನವಾಗಿ ಮೇಲ್ನೀರು ಇಳಿಸಬೇಕು. ಕೆಳಗಿನ ನಲ್ಲಿಯಿಂದ ಪೂರ್ತಿ ಖಾಲಿ ಮಾಡಿದರೆ ಎಣ್ಣೆ ಬಾಯ್ಲರ್ ಗೋಡೆಗೆ ಅಂಟಿ ಅಲ್ಲೇ ಉಳಿಯುತ್ತದೆ.

ಎರಡು ಪೈಪಿನ ವ್ಯವಸ್ಥೆಯಾದರೆ ವೆಂಟ್ ಬದಲು ಟ್ರ್ಯಾಪ್ ನೋಡಬೇಕು. ಟ್ರ್ಯಾಪ್ ತೆರೆದೇ ಕೆಟ್ಟಿದ್ದರೆ ಹಬೆ ಮರಳುವ ಪೈಪಿಗೆ ನುಗ್ಗಿ, ಎರಡೂ ಕಡೆ ಒಂದೇ ಒತ್ತಡವಾಗಿ, ಪಕ್ಕದ ರೇಡಿಯೇಟರ್‌ನ ಗಾಳಿ ಹೊರಡದಂತಾಗುತ್ತದೆ. ಕೆಟ್ಟಿದ್ದು ಬೆಚ್ಚಗಿನ ಮನೆಯ ಟ್ರ್ಯಾಪ್, ಚಳಿ ಹಿಡಿಯುವುದು ನೆರೆಮನೆಗೆ. ಟ್ರ್ಯಾಪಿನ ಎರಡು ಬದಿಯ ಬಿಸಿ ಅಳೆದು ನೋಡಿ, ವ್ಯತ್ಯಾಸವೇ ಇಲ್ಲದಿದ್ದರೆ ಒಳಗಿನ ಕ್ಯಾಪ್ಸೂಲ್ ಬದಲಿಸಬೇಕು. ಇಂಥ ರೇಡಿಯೇಟರ್‌ಗೆ ರಂಧ್ರ ಕೊರೆದು ವೆಂಟ್ ಹಾಕುವವರಿದ್ದಾರೆ. ಆ ದಿನಕ್ಕೆ ಕಾಯುತ್ತದೆ, ಟ್ರ್ಯಾಪ್ ಕೆಟ್ಟೇ ಇರುತ್ತದೆ.

ಬಾಡಿಗೆಗೆ ಇರುವವರು ನೆಲಮಾಳಿಗೆಗೆ ಇಳಿಯುವ ಹಾಗಿಲ್ಲ. ನ್ಯೂಯಾರ್ಕ್ ನಗರದ ನಿಯಮ ಗೊತ್ತಿರಲಿ: ಅಕ್ಟೋಬರ್ 1ರಿಂದ ಮೇ 31ರ ತನಕ, ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ ಇದ್ದರೆ ಒಳಗೆ ಕನಿಷ್ಠ 68 ಇರಬೇಕು, ರಾತ್ರಿ 10ರಿಂದ 6ರವರೆಗೆ ಹೊರಗೆ ಎಷ್ಟೇ ಇರಲಿ, ಒಳಗೆ 62. ಹಗಲು ರಾತ್ರಿ ಎರಡು ಹೊತ್ತಿನ ಅಳತೆ ಬರೆದಿಟ್ಟು, ರೇಡಿಯೇಟರ್ ಎಷ್ಟು ಸೆಕ್ಷನ್ ತನಕ ಕಾದಿತ್ತು ಎಂದೂ ಜೊತೆಗೆ ಬರೆದು ಕೊಟ್ಟರೆ, ‘ಮನೆ ತಣ್ಣಗಿದೆ’ ಅನ್ನುವ ಬರಿಯ ದೂರಿಗಿಂತ ಬೇಗ ಕೆಲಸವಾಗುತ್ತದೆ. ‘ಮೇನ್ ವೆಂಟ್ ಕೊನೆಯ ಸಲ ಯಾವಾಗ ಬದಲಿಸಿದ್ದು?’ ಎಂದು ಕೇಳಿ.

ಬದಲಿಸಿದ ಪ್ರತಿ ವೆಂಟ್‌ನ ಬುಡದಲ್ಲಿ ಮಾರ್ಕರ್‌ನಿಂದ ತಿಂಗಳು, ವರ್ಷ, ತುದಿಯ ಅಂಕಿ ಬರೆದಿಡಿ. ರೇಡಿಯೇಟರ್ ಪೂರ್ತಿ ಕಾದ ಮೇಲೂ ಸುಯ್ ಎಂದು ಹಬೆ ಬಿಡುತ್ತಿದ್ದರೆ ಆ ವೆಂಟ್ ಮುಗಿಯಿತು. ಅದೇ ಅಂಕಿಯ ಇನ್ನೊಂದನ್ನು ಡ್ರಾಯರ್‌ನಿಂದ ತೆಗೆದು ಹಾಕಿ.